ನೀಲಿ ಡ್ರಮ್ಮಿನ ನೀರು

ಗುರುವಾರ, ಸೆಪ್ಟೆಂಬರ್ 11. ಯಾದಗಿರಿ, ಹಾಸ್ಟೆಲ್.

ಕಾರ್ಖಾನೆಗೆ ಕೆಮಿಕಲ್ ಬಂದ ಖಾಲಿ ಡ್ರಮ್ಮೂ ಹಜಾರ್ಡಸ್ ವೇಸ್ಟೇ, ಸರ್ಕಾರದ ರೂಲ್ ಪ್ರಕಾರ ಅದನ್ನು ಹಾಗೇ ಮಾರುವಂತಿಲ್ಲ ಎಂದು ಇವತ್ತು ಕ್ಲಾಸಿನಲ್ಲಿ ಮೇಡಂ ಹೇಳಿದರು. "ಯಾರ ಮನ್ಯಾಗರ ಅದ ಏನ್ರಿ?" ಎಂದು ಕೇಳಿದಾಗ ನಾನು ಕೈ ಎತ್ತಲಿಲ್ಲ. ನಮ್ಮೂರು ಗೋಗಿಯಲ್ಲಿ, ನಮ್ಮ ಮನೆಯಲ್ಲಿ ಕುಡಿಯುವ ನೀರು ತುಂಬಿಡುವುದು ಅಂಥದ್ದೇ ನೀಲಿ ಡ್ರಮ್ಮಿನಲ್ಲಿ.

ಸಂಜೆ ಅವ್ವನಿಗೆ ಫೋನ್ ಮಾಡಿ, ಆ ನೀರು ಚೆಲ್ಲಿಬಿಡು ಎಂದೆ.

"ಭಾಳ ಶಾಣ್ಯಾಕಿ ಆಗೀದಿ. ಸೋಡಾ ಹಾಕಿ ಮೂರು ಸಲ ತಿಕ್ಕೀನಿ. ನಳ ಬರೂದು ಎಂಟು ದಿನಕ್ಕೊಮ್ಮಿ. ಚೆಲ್ಲಿ ಎದರಾಗ ತುಂಬಲಿ, ನಿನ್ನ ಪುಸ್ತಕದಾಗೇನು?"

ನನಗೆ ಅಳು ಬಂತು. ಅವ್ವ ದನಿ ಇಳಿಸಿದಳು. "ಅಂಜಬ್ಯಾಡ. ದಸರಾಕ್ಕ ಬಂದಾಗ ನಿನಗ ಬಾಟ್ಲಿ ನೀರು ತರಿಸ್ತೀನಿ."

ಇಷ್ಟು ದಿನ ಬಾಟ್ಲಿ ನೀರಿನ ಮಾತನ್ನು ಅವ್ವ ಮನೆಗೆ ಬರುವ ನೆಂಟರಿಗೆ ಮಾತ್ರ ಹೇಳುತ್ತಿದ್ದಳು. ನಾನು ಬೇಡ ಎನ್ನಲಿಲ್ಲ. ಯಾಕೆ ಎನ್ನಲಿಲ್ಲವೋ…