ಕೊನೆಯ ಸಾಲಿಗೆ ಮುಂಚೆ

ನವೆಂಬರ್ 24, ಭಾನುವಾರ

ಚರ್ಚಿನ ಆರಾಧನೆ ಮುಗಿಯಿತು. ಪಾದ್ರಿಯ ಪ್ರಸಂಗದ ಹೊತ್ತಿಗೆ ಎಂದಿನಂತೆ ಕಣ್ಣು ಮುಚ್ಚಿ ಧ್ಯಾನಿಸಿದೆ. ಗೊರಕೆ ಬಂತೆಂಬುದು ಪಕ್ಕದವರ ಅಪಪ್ರಚಾರ. ನಮ್ಮ ದೇವಾಲಯದಲ್ಲಿ ನಿದ್ದೆಗೊಂದು ಪರಂಪರೆಯೇ ಇದೆ — ಕಟ್ಟಿಸಿದ ಇಂಗ್ಲಿಷ್ ದೊರೆಗಳು ಗೋಡೆಯ ಹಿತ್ತಾಳೆ ಫಲಕಗಳಲ್ಲಿ ಮಲಗಿದವರು ಇನ್ನೂ ಎದ್ದಿಲ್ಲ.

ಇವತ್ತೂ ಪ್ರೇಮಲೀಲಾಳ ಎಡಗೈ ನಡುಗಿತು. ಆರ್ಗನ್ ಎಲ್ಲೋ ಹೋಯಿತು, ಹಾಡು ಎಲ್ಲೋ ಹೋಯಿತು. ಸಭೆ ಗಂಟಲು ಹರಿದುಕೊಂಡು ಹಾಡಿ ಮುಚ್ಚಿಹಾಕಿತು. ನನ್ನ ಕೈಹಿಡಿದು ಈ ಸಭೆಗೆ ಬಂದಂದಿನಿಂದ ಬಾರಿಸುತ್ತಿರುವವಳು...

ಆಮೇಲೆ ಕಮಿಟಿ. ಕ್ರಿಸ್ಮಸ್‌ನಿಂದ ಆರ್ಗನ್ ಬದಲು ಕೀಬೋರ್ಡ್. ಬಾರಿಸುವುದು ಹಾಡುವ ತಂಡ ಕ್ವಾಯರಿಗೆ ಹೊಸದಾಗಿ ಸೇರಿದ ಅನುಪಮಾ. ಪ್ರೇಮಾಗೆ ಹೇಳುವವರು ಯಾರು? ಎಲ್ಲರೂ ಫ್ಯಾನ್ ನೋಡಿದರು. ಕಾರ್ಯದರ್ಶಿ ದಿಲೀಪ್ ನನ್ನನ್ನು ನೋಡಿದ.

"ಪೇಪರಲ್ಲಿ ಹಾಸ್ಯ ಬರೀತೀರಲ್ಲ ಅಂಕಲ್. ನಗಿಸ್ತಾ ನಗಿಸ್ತಾ ಹೇಳ್ಬುಡಿ."

ನವೆಂಬರ್ 27, ಬುಧವಾರ

ತಿಂಡಿ ಹೊತ್ತು. ಹೇಳಲು ಬಾಯಿ ತೆರೆದೆ. ಅವಳು ಮೇಜಿನ ಮೇಲೆ ಬೆರಳಾಡಿಸುತ್ತ ಕ್ರಿಸ್ಮಸ್ ಗೀತೆ ಅಭ್ಯಾಸ ಮಾಡುತ್ತಿದ್ದಳು. ಕಾಫಿ ಲೋಟ ಗಲಗಲ ಅನ್ನುತ್ತಿತ್ತು.

"ಏನ್ರೀ, ಇಡ್ಲಿ ಸಿಕ್ಕಾಕ್ಕೊಂಡ್ತಾ?"

"ಇಲ್ಲ... ಚಟ್ನಿ ಚೆನ್ನಾಗಿದೆ."

"ಇವತ್ತು ಚಟ್ನಿ ಮಾಡೇ ಇಲ್ಲ ಕಣ್ರೀ. ಅದು ಸಾಂಬಾರು."

ವೀರನೊಬ್ಬ ಹೀಗೆ ರಣರಂಗದಿಂದ ಹಿಮ್ಮೆಟ್ಟಿದ.

"ಈ ಕ್ರಿಸ್ಮಸ್ ಒಂದು ಬಾರಿಸ್ಬುಟ್ರೆ ಸಾಕು ನಂಗೆ," ಅಂದಳು. ಕೈಯನ್ನೇ ನೋಡುತ್ತಿದ್ದಳು.

ಡಿಸೆಂಬರ್ 14, ಶನಿವಾರ

ಇನ್ನೂ ಹೇಳಿಲ್ಲ. ಮಾತ್ರೆ ತರುವ ನೆಪದಲ್ಲಿ ಚಾಮರಾಜಪುರಂನ ಮನೆಯಿಂದ ದೇವಾಲಯಕ್ಕೆ ಕದ್ದು ಹೋದೆ, ಕ್ವಾಯರ್ ಅಭ್ಯಾಸ ನೋಡಲು. ಭಾರಿ ತಮಾಷೆ. ಪ್ರತಿ ಚರಣದ ಕೊನೆಯ ಸಾಲಿಗೆ ಮುಂಚೆ ಎಲ್ಲರೂ ಗಪ್ಪನೆ ನಿಂತರು. ಕೀಬೋರ್ಡ್ ಒಂಟಿಯಾಗಿ ಮುಂದೆ ಓಡಿತು.

"ಯಾಕಂಕಲ್ ಎಲ್ರೂ ನಿಂತ್ಬುಡ್ತೀರ?" — ಅನುಪಮಾ.

"ನಮ್ಮ ಆರ್ಗನ್‌ಗೆ ಗಾಳಿ ಸೋರುತ್ತೆ ಕಣಮ್ಮ. ಪ್ರೇಮಾ ಆಂಟಿ ತುಳಿದು ತುಂಬಿಸ್ಕೊಳ್ಳೋವರ್ಗೂ ಕಾಯ್ಬೇಕು. ಅಭ್ಯಾಸ ಆಗೋಗಿದೆ." — ಹಿರಿಯ ಹಾಡುಗಾರರೊಬ್ಬರು.

ಒಮ್ಮೆ ಬಿಷಪ್ಪರು ಬಂದಾಗ ಆ ನಿಲುಗಡೆ ಕೇಳಿ "ಎಂಥ ಭಕ್ತಿಯ ಮೌನ" ಎಂದು ಕಣ್ಣೊರೆಸಿಕೊಂಡಿದ್ದರು. ನಮ್ಮ ದಮ್ಮುರೋಗಿ ಆರ್ಗನ್ ಮೇಲೆ ಲೇಖನ ಬರೆದು ಊರನ್ನೇ ನಗಿಸಿದ್ದೆ.

ಡಿಸೆಂಬರ್ 22, ಭಾನುವಾರ

ಹೇಳಿಬಿಟ್ಟೆ. ನಗಿಸಲಿಲ್ಲ. ಸುಮ್ಮನೆ ಹೇಳಿದೆ.

ನಡುಗುವ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

"ಕ್ರಿಸ್ಮಸ್‌ಗೂ ಬೇಡವಂತಾ?"

"ಬೇಡವಂತೆ."

ಕುಕ್ಕರ್ ಕೂಗಿತು. ಇಬ್ಬರೂ ಏಳಲಿಲ್ಲ.

"ಅನುಪಮಂಗೆ ಕೊನೇ ಸಾಲಿಗೆ ನಿಲ್ಲಿಸೋಕೆ ಹೇಳ್ತೀರಾ?"

"ಕೀಬೋರ್ಡಿಗೆ ಗಾಳಿ ಯಾಕೆ ಪ್ರೇಮಾ?"

"ಆರ್ಗನ್‌ದೂ ಗಾಳಿ ಸೋರ್ತಿರ್ಲಿಲ್ಲ ಕಣ್ರೀ."

"ಮತ್ತೆ?"

"ಅತ್ತೆಗೆ ಉಬ್ಬಸ ಇತ್ತಲ್ಲ. ನನ್ನ ಬೆನ್ನಿಗೇ ಕೂರೋರು, ಉಸಿರು ಕೇಳಿಸ್ತಿತ್ತು. ಕೊನೇ ಸಾಲು ಹಾಡೋಕಾಗ್ದೆ ಪುಸ್ತಕ ಮುಚ್ಚಿಬುಡೋರು. ಅದಕ್ಕೇ ಕಾಯ್ತಿದ್ದೆ. ಆರ್ಗನ್ ಕೆಟ್ಟಿದೆ ಅಂದ್ರೆ ಅವ್ರಿಗೆ ನಾಚಿಕೆ ಆಗಲ್ವಲ್ಲ."

ಅಮ್ಮ ಹೋಗಿ ಎಷ್ಟೋ ವರ್ಷವಾಯಿತು. ಸಭೆ ಇನ್ನೂ ಕಾಯುತ್ತಿದೆ. ಯಾರಿಗೆಂದು ಯಾರಿಗೂ ಗೊತ್ತಿಲ್ಲ.

ಲೇಖನ ಬೇರೆ ಬರೆದಿದ್ದೆನಲ್ಲ, ಮಹಾಶಯ.

ಡಿಸೆಂಬರ್ 25, ಬೆಳಿಗ್ಗೆ 7.30

ಆಟೋಗೆ ಕಾಯುತ್ತಿದ್ದೇವೆ. ಬರುವುದಿಲ್ಲ ಎಂದವಳು ಎದ್ದು ರೇಷ್ಮೆ ಸೀರೆ ಉಟ್ಟಳು. ಸೆರಗಿನ ಪಿನ್ನು ನಾನೇ ಚುಚ್ಚಿದೆ — ಮೊದಲು ನನ್ನ ಹೆಬ್ಬೆರಳಿಗೆ, ಆಮೇಲೆ ಸೀರೆಗೆ. ಅವಳು ನಗಲಿಲ್ಲ.

ಬಾಗಿಲಲ್ಲಿ ನಿಂತಿದ್ದಾಳೆ. ಈಗಷ್ಟೇ ಕೇಳಿದಳು.

"ರೀ, ಇಷ್ಟು ವರ್ಷ ಎಲ್ರಿಗೂ ಬೆನ್ನು ಹಾಕಿ ಆರ್ಗನ್ ಮುಂದೇನೇ ಕೂತಿದ್ದೆ. ಬೆಂಚಲ್ಲಿ ಒಂದಿನಾನೂ ಕೂತಿಲ್ಲ. ಇವತ್ತು ನಾನೆಲ್ಲಿ ಕೂತ್ಕೊಳ್ಳಲಿ?"

ಆಟೋ ಹಾರ್ನ್. ನನ್ನ ಪಕ್ಕ ಅನ್ನಬೇಕು, ಅಷ್ಟೇ ತಾನೆ, ನನ್ನ ಪಕ್ಕ... ಪೆನ್ನು ಇಟ್ಟು ಅವಳ ಎಡಗೈ ಹಿಡಿದುಕೊಳ್ಳುತ್ತೇನೆ.