ಗಾಯವಿಲ್ಲದ ತಲೆಗೆ ಬಿಳಿ ಪಟ್ಟಿ

ತುರ್ವಿಹಾಳ
14-9-2025, ಭಾನುವಾರ

ಪ್ರೀತಿಯ ಪದ್ಮಾವತಿ,

ನಾನಿಲ್ಲಿ ಹೇಗೋ ಇದ್ದೇನೆ. ಲಿಂಗಸುಗೂರಿನಲ್ಲಿ ನೀನು, ಮಗಳು, ಮಾವನವರು ಆರಾಮವಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಮೂರು ಫೋನುಗಳನ್ನೂ ಅರ್ಧಕ್ಕೇ ಇಟ್ಟುಬಿಟ್ಟೆ, ಸಿಟ್ಟಾಗಬೇಡ. ನೀನು ಎರಡನೆಯ ಮಾತು ಆಡುವಷ್ಟರಲ್ಲಿ ಮೊದಲನೆಯದು ನನ್ನ ಕೈಬಿಟ್ಟಿರುತ್ತದೆ, ಆಮೇಲೆ ಸುಮ್ಮನೆ ರೇಗುತ್ತೇನೆ. ಕಾಗದವಾದರೆ ಹಿಂದಕ್ಕೆ ಹೋಗಿ ಓದಿಕೊಳ್ಳಬಹುದು. ಇದನ್ನು ಶುರುಮಾಡಿದ್ದು ಶುಕ್ರವಾರ. ನಾಲ್ಕು ಸಾಲು ಬರೆಯುವುದು, ಎದ್ದು ಅಂಗಳ ಸುತ್ತುವುದು, ಮತ್ತೆ ಬಂದು ಕೂರುವುದು. ಈಗಷ್ಟೇ ಪಕ್ಕದ ಮನೆಯ ಕುಕ್ಕರ್ ಕೂಗಿತು. ಸದ್ದು ತಲೆಗೆ ತಾಳದೆ ಹೊರಗೆ ಹೋಗಿ ಬಂದೆ.

ಕಾಲುವೆಯ ಸುದ್ದಿ ಹೇಳಬೇಕು. ನಿನಗೆ ಗೊತ್ತಲ್ಲ, ವಾರಬಂದಿಯಂತೆ ಮೂರು ದಿನ ಮೇಲಿನ ಗದ್ದೆಗಳಿಗೆ ನೀರು, ನಾಲ್ಕು ದಿನ ಕೆಳಗಿನವರಿಗೆ. ಸೋಮವಾರ ಮೇಲಿನವರ ಸರದಿ ಮುಗಿಯಿತು, ನಾನು ಹೋಗಿ ಅವರ ಗೇಟು ಮುಚ್ಚಿದೆ. ಚಹಾ ಕುಡಿದು ಏಳುವಷ್ಟರಲ್ಲಿ ಮುಚ್ಚಿದೆನೋ ಇಲ್ಲವೋ ಎಂಬ ಗುಂಗು ಹಿಡಿಯಿತು. ಹೋಗಿ ಮತ್ತೆ ಚಕ್ರ ತಿರುಗಿಸಿದೆ. ಮುಚ್ಚಿದ್ದನ್ನೇ ತೆರೆದು ನೆಮ್ಮದಿಯಿಂದ ಮನೆಗೆ ಬಂದೆ. ಗೇಟು ನೋಡಿಕೊಳ್ಳುವ ಈ ಹನ್ನೊಂದು ವರ್ಷದ ನೌಕರಿಯಲ್ಲಿ ಹೀಗೆ ಎಂದೂ ಆಗಿರಲಿಲ್ಲ.

ಮರುದಿನ ಕೆಳಗಿನವರು ಗುಂಪಾಗಿ ಬಂದರು. ಅವರ ಗದ್ದೆ ಬಿರುಕು ಬಿಡುತ್ತಿತ್ತು, ಸಿಟ್ಟು ನ್ಯಾಯವಾದದ್ದೇ. ಕುಡಿದಿದ್ದೇನೆ ಎಂದರು, ಮೇಲಿನವರ ಜೊತೆ ಸೇರಿಕೊಂಡಿದ್ದೇನೆ ಎಂದರು, ಅರ್ಜಿ ಕೊಟ್ಟು ಕೆಲಸದಿಂದ ತೆಗೆಸುತ್ತೇವೆ ಎಂದರು. ಜನವರಿಯಲ್ಲಿ ಬೈಕು ಜಾರಿ ತೂಬಿನ ಕಲ್ಲಿಗೆ ತಲೆ ಬಡಿದದ್ದನ್ನು, ಹನಿ ರಕ್ತ ಬಾರದಿದ್ದರೂ ಮೆದುಳಿಗೆ ಪೆಟ್ಟಾಗಿದೆ ಎಂದು ಡಾಕ್ಟರು ಹೇಳಿದ್ದನ್ನು ವಿವರಿಸಹೊರಟೆ. ಆ ಗದ್ದಲದಲ್ಲಿ ಮಾತೇ ಕೂಡಿಬರಲಿಲ್ಲ. ಅವರ ಹಿರೀಕ ಕರಿಬಸಪ್ಪ ನನ್ನ ಸುತ್ತ ಒಂದು ಸುತ್ತು ಹಾಕಿ ತಲೆ ನೋಡಿದ.

“ದುಂಡಗ ಅದೀ. ಎಲ್ಲಿ ಬಿದ್ದೈತಿ ಪೆಟ್ಟು, ತೋರಸು.”

ಏನು ತೋರಿಸಲಿ ಪದ್ಮಾ? ನೀನು ಬಟ್ಟೆ ಕಟ್ಟಿಕೊಂಡು ಹೊರಟ ದಿನ ಹೇಳಿದ್ದೂ ಹೆಚ್ಚುಕಡಿಮೆ ಅದೇ. “ನಿಮ್ಮ ತಲಿಗೆ ಏನೂ ಆಗಿಲ್ರೀ. ನಿಮಗ ನಾವು ಬ್ಯಾಡಾಗೀವಿ.” ಉಳಿದದ್ದೆಲ್ಲ ಮರೆಯುವ ತಲೆ ಇದೊಂದನ್ನು ಗಟ್ಟಿಯಾಗಿ ಹಿಡಿದುಕೊಂಡಿದೆ.

ಗೇಟಿನ ಹತ್ತಿರ ಚಹಾದಂಗಡಿ ಇಟ್ಟಿರುವ ಪೀರ್‌ಬೀ ಎಲ್ಲ ನೋಡುತ್ತಿದ್ದಳು. ಜನ ಚದುರಿದ ಮೇಲೆ ನನ್ನನ್ನು ಕೂರಿಸಿ, ಬಿಳಿ ಬಟ್ಟೆ ಹರಿದು ತಲೆಗೆ ಸುತ್ತಿಬಿಟ್ಟಳು. ಬೇಡ ಎಂದೆ. “ಸುಮ್ನಿರಪಾ. ಕಣ್ಣಿಗೆ ಕಂಡ್ರ ನಂಬತಾರ,” ಎಂದಳು.

ಅವಳ ಮಾತು ಸುಳ್ಳಾಗಲಿಲ್ಲ. ಬುಧವಾರ ಅದೇ ಕರಿಬಸಪ್ಪ ನನ್ನನ್ನು ಕಂಡು ಬೈಕಿನಿಂದ ಇಳಿದ, ತೋಳು ಹಿಡಿದ, ಮೊದಲೇ ಹೇಳಬಾರದಿತ್ತೇ ಎಂದ. ಗೇಟಿನ ಚಕ್ರ ತಾನೇ ತಿರುಗಿಸಿದ. ಗುರುವಾರ ಮಸ್ಕಿಯಲ್ಲಿ ಕೆಲಸವಿತ್ತು, ಬಸ್ಸು ಹತ್ತಿದೆ. ಸಿಂಧನೂರಿನಲ್ಲಿ ಮುದುಕರೊಬ್ಬರು ಎದ್ದು ಸೀಟು ಕೊಟ್ಟರು. ಹಾಡಿನ ಸದ್ದು ತಗ್ಗಿಸಿ ಎಂದು ಎಂಟು ತಿಂಗಳಿಂದ ಬೇಡಿ ಬೈಸಿಕೊಂಡವನು ನಾನು. ಅಂದು ಡ್ರೈವರು ಕೇಳದೆಯೇ ಬಂದ್ ಮಾಡಿದ. ಹಿತವೆನಿಸಿತು, ನಾಚಿಕೆಯೂ ಆಯಿತು.

ನಿನ್ನೆ ಪಟ್ಟಿ ಬಿಚ್ಚಿಟ್ಟು, ಡಾಕ್ಟರ ಚೀಟಿ ಹಿಡಿದು ಗೇಟಿಗೆ ಹೋದೆ. ಹೇಳಬೇಕಾದ್ದನ್ನು ಮೊದಲೇ ಬರೆದುಕೊಂಡಿದ್ದೆ, ನೋಡಿ ಓದಿದೆ. ಕರಿಬಸಪ್ಪ ನನ್ನ ಬರಿ ತಲೆಯನ್ನು ಮತ್ತೊಮ್ಮೆ ನೋಡಿದ.

“ಹಂಗಾರ ಮೊನ್ನಿ ಕಟ್ಟಿದ್ದು ಸುಳ್ಳನ?”

“ಕಟ್ಟಿದ್ದ ಅರಿವಿ ಸುಳ್ಳು. ಪೆಟ್ಟು ಖರೇ,” ಎಂದೆ.

ಅವನು ಚೀಟಿ ಕೇಳಿ ಪಡೆದು ಜೇಬಿಗಿಟ್ಟುಕೊಂಡು ಹೋದ. ಉಳಿದವರಿಗೆ ತೋರಿಸಲೋ, ಅರ್ಜಿಗೆ ಲಗತ್ತಿಸಲೋ ಗೊತ್ತಿಲ್ಲ. ನೌಕರಿ ಉಳಿಯುತ್ತದೋ ಹೋಗುತ್ತದೋ ಅದೂ ಗೊತ್ತಿಲ್ಲ. ಆಗಿನಿಂದ ಒಂದು ಕಡೆ ಕೂರಲಾಗುತ್ತಿಲ್ಲ.

ಮಾವನವರಿಗೆ ಜೈಭೀಮ್ ತಿಳಿಸು. ಮಗಳಿಗೆ ನನ್ನ ಮುತ್ತು. ಅವಳು ಚೆನ್ನಾಗಿ ಓದಲಿ, ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ.

ನಿನ್ನ
ನಿಂಗರಾಜ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಮಸ್ಕಿಯಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ. ಇಳಿದದ್ದು ಲಿಂಗಸುಗೂರಿನಲ್ಲಿ. ಪಟ್ಟಿ ಕಟ್ಟಿಕೊಂಡೇ ನಿಮ್ಮ ಓಣಿಗೆ ಬಂದೆ. ನೀನು ಅದನ್ನು ನೋಡಿ ಅಳಲಿ ಎಂಬ ಕೆಟ್ಟ ಆಸೆಯಿತ್ತು. ಮಗಳು ಬೆನ್ನು ತಿರುಗಿಸಿಕೊಂಡು ಗೆಳತಿಯರ ಜೊತೆ ಕುಂಟಾಟ ಆಡುತ್ತಿದ್ದಳು. ಕರೆಯಲು ಬಾಯಿ ತೆರೆದೆ. ಹೆಸರು ಬರಲಿಲ್ಲ. ಉದ್ದವಾಯಿತು ಎಂದು ನಿನ್ನವ್ವ ಬೇಡವೆಂದರೂ ಹಟ ಹಿಡಿದು ಆ ಹೆಸರು ಇಟ್ಟವನು ನಾನೇ. ಕಂಬಕ್ಕೆ ಒರಗಿ ಎಷ್ಟೋ ಹೊತ್ತು ನಿಂತೆ, ಬರಲೇ ಇಲ್ಲ. ಅವಳು ತಿರುಗಿ ನೋಡುವ ಮುಂಚೆ ಅಲ್ಲಿಂದ ಹೊರಟುಬಿಟ್ಟೆ. ಮರಳುವಾಗ ಮಸ್ಕಿಯಲ್ಲಿ ಬಸ್ಸು ನಿಂತಾಗ ಅದು ತಾನಾಗಿ ಬಂತು. ಸಂಘಮಿತ್ರಾ. ಸಿಂಧನೂರಿನವರೆಗೂ ಹೇಳಿಕೊಳ್ಳುತ್ತಲೇ ಬಂದೆ.

ಬರುವ ಗುರುವಾರ ಬರಿ ತಲೆಯಲ್ಲೇ ಬರುತ್ತೇನೆ. ಬಾಗಿಲಲ್ಲಿ ನಾನು ಸುಮ್ಮನೆ ನಿಂತುಬಿಟ್ಟರೆ ಕಾರಣ ನಿನಗೊಬ್ಬಳಿಗೆ ಗೊತ್ತಿರಲಿ. ಮೊದಲು ನೀನು ಅವಳನ್ನು ಹೆಸರು ಹಿಡಿದು ಕೂಗು. ನಿನ್ನ ಹಿಂದೆಯೇ ನಾನೂ ಕೂಗುತ್ತೇನೆ.