ತಂತಿಯ ಮೇಲಿನ ನೀಲಿ ಗೆರೆಯ ಅಂಗಿ

ಭಾನುವಾರ, ಮಧ್ಯಾಹ್ನ

ನನ್ನ ಸೊಸೆಗೆ, ಅಲ್ಲ, ಮಗಳಿಗೆ,

ಅತ್ತೆಯ ಆಶೀರ್ವಾದ. ಹೇಗಿದ್ದೀಯ ಎಂದು ಕೇಳುವ ಧೈರ್ಯ ನನಗಿಲ್ಲ. ಊಟ ಮಾಡುತ್ತಿದ್ದೀಯಾ ಎಂದಷ್ಟೇ ಕೇಳುತ್ತೇನೆ. ನಿನ್ನ ಚಿಕ್ಕಮ್ಮ ಧಾರಾಳವಾಗಿ ಬಡಿಸುವವರು, ಆದರೆ ಬಡಿಸಿದ್ದನ್ನು ತಟ್ಟೆಯಲ್ಲಿ ಆಚೆ ಈಚೆ ತಳ್ಳುತ್ತ ಕೂರುವ ನಿನ್ನ ಚಾಳಿ ನನಗೆ ಗೊತ್ತಿಲ್ಲದ್ದೇ? ಫೋನಿನಲ್ಲಿ ಇದೆಲ್ಲ ಮಾತಾಡಲು ಆಗುವುದಿಲ್ಲ. ನನ್ನ ಫೋನು ಕೆಟ್ಟು ಕೂತಿದೆ, ಇನ್ನೊಂದು ನಿನ್ನ ಗಂಡನ ಜೇಬಿನಲ್ಲಿರುತ್ತದೆ. ಗಿರಾಕಿಗಳ ಅಳತೆ ಬರೆದುಕೊಳ್ಳುವುದು ಬಿಟ್ಟರೆ ನಾನು ಪೆನ್ನು ಹಿಡಿದು ಎಷ್ಟೋ ಕಾಲವಾಯಿತು. ಅಕ್ಷರ ಸೊಟ್ಟಗಿದ್ದರೆ ನಗಬೇಡ. ಅಥವಾ ನಗು ಮಾರಾಯ್ತಿ, ನೀನು ನಕ್ಕು ಎಷ್ಟು ದಿನವಾಯಿತೋ.

ಮೊದಲು ಒಳ್ಳೆಯ ಸುದ್ದಿ ಹೇಳಿಬಿಡುತ್ತೇನೆ, ಇರುವುದು ಅದೊಂದೇ. ನಿನ್ನ ನಾದಿನಿ ಕ್ಷೇಮವಾಗಿದ್ದಾಳೆ. ಕೈಯ ಪ್ಲಾಸ್ಟರ್ ಬಿಚ್ಚಿದ್ದಾರೆ. ಬೆರಳು ಮಡಚಲು ಬರುತ್ತದೆ, ಆದರೆ ಬಕೆಟ್ ಎತ್ತಲು ಇನ್ನೂ ಆಗುವುದಿಲ್ಲವಂತೆ. ಒಂದು ಆಸ್ಪತ್ರೆಯಲ್ಲಿ ಒಗೆದ ಹಾಸಿಗೆ ಬಟ್ಟೆ ಮಡಿಸಿಡುವ ಕೆಲಸ ಸಿಕ್ಕಿದೆ. ಯಾವ ಊರು ಎಂದು ನಿನಗೂ ಬರೆಯುವುದಿಲ್ಲ, ಕೋಪ ಮಾಡಿಕೊಳ್ಳಬೇಡ. ಅತ್ತಿಗೆ ನನ್ನಿಂದ ಹಾಳಾದಳು ಎಂದು ಪಕ್ಕದ ಮನೆಯವರ ಫೋನಿಗೆ ಮಾಡಿ ಅಳುತ್ತಾಳೆ. ನಿನ್ನಿಂದಲ್ಲ ಕಣೇ, ನನ್ನ ಬುದ್ಧಿವಂತಿಕೆಯಿಂದ ಎಂದು ನಾನು ಹೇಳುತ್ತೇನೆ.

ಹೌದಲ್ಲವೇ? ಅಂಗಿಯ ಉಪಾಯ ನನ್ನದೇ. ಅವಳು ಗಂಡ ಹೊಡೆದು ಮುರಿದ ಕೈ ಹಿಡಿದುಕೊಂಡು ನನ್ನ ಹೊಲಿಗೆ ಅಂಗಡಿಯ ಹಿಂಬಾಗಿಲಿಗೆ ಬಂದ ದಿನ ನೆನೆಸಿಕೊ. ಹಿಂದೆ ಎರಡು ಸಲ ಓಡಿ ಬಂದಾಗಲೂ ನಿನ್ನ ಗಂಡ, ಅಂದರೆ ನನ್ನ ಹೊಟ್ಟೆಯಲ್ಲಿ ಹುಟ್ಟಿದವನೇ, ಸ್ವಂತ ತಂಗಿಗೆ ಹೊಂದಿಕೊಂಡು ಹೋಗು ಎಂದು ಬುದ್ಧಿ ಹೇಳಿ ಆ ಮನೆಗೇ ಬಿಟ್ಟುಬಂದಿದ್ದ. ಅವನದೂ ಅಳಿಯನದೂ ಪಾಲಿನ ಹಾರ್ಡ್‌ವೇರ್ ಅಂಗಡಿ. ಭಾವ-ಮೈದುನರ ನಡುವೆ ಒಡಕು ಬಂದರೆ ಅಂಗಡಿಗೆ ಬೀಗ. ಪೊಲೀಸರ ಬಳಿ ಹೋದರೆ ಆ ಸಾಹೇಬ ಹಲ್ಲು ಬಿಡುತ್ತ, 'ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಮ್ಮಾ' ಎಂದ. ಇವಳು ಉಂಡೂ ಇರಲಿಲ್ಲ, ಮಲಗಲು ಕೈಯೂ ಬಿಡುತ್ತಿರಲಿಲ್ಲ. ಅದಕ್ಕೇ ನೀನು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆ ಹಿಡಿದೆ, ನಿನ್ನ ಗಂಡನಿಗೆ ಸುಳಿವೂ ಕೊಡಬಾರದು ಎಂದು ನಾವಿಬ್ಬರೂ ಮಾತಾಡಿಕೊಂಡೆವು.

ಆಗ ನಾನು ಹೇಳಿದೆ, ಬಾಲ್ಕನಿಯ ತಂತಿಯ ಮೇಲೆ ಹೆಂಗಸಿನ ಒಂದು ಬಟ್ಟೆಯೂ ಬೀಳಬಾರದು, ಆ ಅಳಿಯ ಬೀದಿ ಬೀದಿ ಹುಡುಕುತ್ತಿದ್ದಾನೆ ಎಂದು. ನಿನ್ನ ಗಂಡ ಹಾಕಿ ಬಿಟ್ಟ ಹಳೆಯ ಅಂಗಿಗಳನ್ನು ತೆಗೆದೆ. ಪ್ಲಾಸ್ಟರ್ ಹಾಕಿದ ಕೈ ತೂರಲಿ ಎಂದು ಬಲ ತೋಳಿನ ಹೊಲಿಗೆ ಬಿಚ್ಚಿ, ಕಟ್ಟಿಕೊಳ್ಳಲು ಲಾಡಿ ಹಾಕಿದೆ. ನೀಲಿ ಗೆರೆಯದಕ್ಕೆ ಸವೆದ ಕಾಲರನ್ನು ತಿರುಗಿಸಿ ಹೊಲಿದುಕೊಟ್ಟೆ. ಯಾರು ನೋಡುತ್ತಾರೆ ಎಂದು ನೀನಂದರೂ ನಾನು ಕೇಳಲಿಲ್ಲ, ನನ್ನ ಕೈ ಕೆಟ್ಟ ಕಾಲರನ್ನು ಸಹಿಸುವುದಿಲ್ಲ. ಅವಳಿಗೆ ಹಾಕಿಕೊಳ್ಳಲೂ ಸುಲಭ, ತಂತಿಯ ಮೇಲೆ ಒಣಗಿದರೆ ಇಲ್ಲೊಬ್ಬ ಒಂಟಿ ಗಂಡಸಿದ್ದಾನೆ ಎಂದು ಬೀದಿ ತಿಳಿದುಕೊಳ್ಳುತ್ತದೆ. ಎಂಥ ಜಾಣತನ! ಅಳಿಯ ನಂಬಿದನೋ ಇಲ್ಲವೋ, ಊರೆಲ್ಲ ನಂಬಿತು.

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಹೇಳಿಕೊಳ್ಳಲು ನನಗೆ ಬೇರೆ ಯಾರಿದ್ದಾರೆ?

ಆ ಪೇಪರನ್ನು ಸುಟ್ಟುಹಾಕುತ್ತೇನೆಂದು ನಿನಗೆ ಹೇಳಿದ್ದೆ, ಸುಟ್ಟಿಲ್ಲ. ಮಿಷನ್ನಿನ ಡ್ರಾಯರಿನಲ್ಲಿದೆ. ಫೋಟೋದಲ್ಲಿ ನೀನು ಬುಟ್ಟಿ ಹಿಡಿದು ಆ ಕೋಣೆಯ ಮೆಟ್ಟಿಲು ಇಳಿಯುತ್ತಿದ್ದೀಯ, ಮೇಲೆ ತಂತಿಯಲ್ಲಿ ಅಂಗಿಗಳು. 'ನಗರಸಭೆ ಅಧ್ಯಕ್ಷೆಗೆ ಇನ್ನೊಂದು ಮನೆ?' ಎಂದು ಕೆಳಗೆ ದಪ್ಪಕ್ಷರ. ಕೊನೆಗೊಂದು ಪ್ರಶ್ನೆಯ ಗುರುತು ಹಾಕಿಬಿಟ್ಟರೆ ಕೇಸು ಬೀಳುವುದಿಲ್ಲವಂತೆ. ಕಸ ಸಾಗಿಸುವ ಗುತ್ತಿಗೆಯನ್ನು ನೀನು ರದ್ದು ಮಾಡಿ ವಾರವೂ ಆಗಿರಲಿಲ್ಲ. ಆ ಗುತ್ತಿಗೆದಾರ ನಿನ್ನ ಲೆಕ್ಕದಲ್ಲಿ ತಪ್ಪು ಹುಡುಕಿದ, ಸಿಗಲಿಲ್ಲ. ಹೆಂಗಸಿನ ಲೆಕ್ಕದಲ್ಲಿ ತಪ್ಪು ಸಿಗದಿದ್ದರೆ ಅವಳ ತಂತಿ ನೋಡುತ್ತಾರೆ.

ಹಿಂದಿನ ಅಧ್ಯಕ್ಷನಿಗೆ ನಿಜವಾಗಿಯೇ ಎರಡು ಮನೆ ಇತ್ತಲ್ಲೇ! ಎರಡನೆಯ ಮನೆಗೆ ನಗರಸಭೆಯ ಪೈಪನ್ನೇ ಎಳೆಸಿದ್ದ. ಇಡೀ ಬೀದಿಗೆ ನೀರಿಲ್ಲ, ಆ ಮನೆಯ ನಲ್ಲಿ ಮಾತ್ರ ಭರ್ರೋ ಎಂದು ಸುರಿಯುತ್ತಿತ್ತು. ಜನ ಏನೆಂದರು? ರಸಿಕ ಎಂದರು. ನನ್ನ ಅಂಗಡಿಯ ಮುಂದೆಯೇ ನಿಂತು, 'ಏನ್ ಗಂಡಸಪ್ಪಾ, ಎರಡ್ ಕಡೆನೂ ನೀರು ಬಿಡಿಸ್ದ' ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನಿಗೆ ಶಾಲು ಹೊದಿಸಿದವರೇ ನಿನ್ನ ಸಭೆಯಲ್ಲಿ ಗಂಡಸಿನ ಅಂಗಿಯೊಂದನ್ನು ತಂದು ನಿನ್ನ ಕುರ್ಚಿಗೆ ತೊಡಿಸಿದ್ದು.

ಆ ದಿನ ನಾನು ಪ್ರೇಕ್ಷಕರ ಬೆಂಚಿನಲ್ಲಿ ಕೂತಿದ್ದೆ. ನೀನು ಒಳಗೆ ಬಂದೆ, ಅಂಗಿ ನೋಡಿದೆ. ಅದನ್ನು ಬಿಡಿಸಿ, ಗುಂಡಿ ಹಾಕಿ, ಅಂಗಡಿಯಲ್ಲಿ ನಾನು ಮಡಿಸುವ ಹಾಗೆಯೇ ತೋಳು ಹಿಂದಕ್ಕೆ ಮಡಿಸಿ ಮೇಜಿನ ಮೇಲಿಟ್ಟೆ. ಆಮೇಲೆ ಮಳೆನೀರು ಚರಂಡಿಯ ವಿಷಯ ಎತ್ತಿಕೊಂಡೆ. ನನ್ನ ಪಕ್ಕ ಕೂತಿದ್ದವಳು, 'ನೋಡ್ರೀ, ನಾಚಿಕೆ ಮಾನ ಮರ್ಯಾದೆ ಒಂದೂ ಇಲ್ಲ' ಎಂದಳು. ನೀನು ಅತ್ತಿದ್ದರೆ, 'ತಪ್ಪು ಮಾಡಿದ್ದಕ್ಕೇ ಅಳ್ತಾಳೆ' ಎನ್ನುತ್ತಿದ್ದಳು. ನಿಜ ಕೂಗಿ ಹೇಳಬೇಕೆಂದು ನಾನು ಅರ್ಧ ಎದ್ದಿದ್ದೆ. ನೀನು ನನ್ನ ಕಡೆ ಒಂದು ಸಲ ನೋಡಿದೆ, ನಾನು ಮತ್ತೆ ಕೂತೆ. ನಿಜ ಹೇಳಿದರೆ ನಿನ್ನ ಮಾನ ಉಳಿಯುತ್ತಿತ್ತು, ನನ್ನ ಮಗಳ ಜೀವ ಹೋಗುತ್ತಿತ್ತು. ಹೆತ್ತವಳು ನಾನು, ಆದರೆ ಆ ಜೀವವನ್ನು ಆರಿಸಿಕೊಂಡವಳು ನೀನು.

ರಾಜೀನಾಮೆಯೂ ಹಾಗೆಯೇ. ಕ್ಯಾಮೆರಾದವರು ಆ ಮೆಟ್ಟಿಲ ಕೆಳಗೇ ಬಿಡಾರ ಹೂಡಿದ್ದರು, ಇನ್ನೊಂದು ದಿನ ಹೋದರೆ ಬಾಗಿಲು ಬಡಿಯುತ್ತಿದ್ದರು. ಕುರ್ಚಿಯೂ ಬೇಡ, ಸದಸ್ಯತ್ವವೂ ಬೇಡ, ಮಧ್ಯಾಹ್ನ ಕಚೇರಿಯ ಗೇಟಿನಲ್ಲೇ ಎಲ್ಲರ ಮುಂದೆ ಹೇಳುತ್ತೇನೆ ಎಂದು ನೀನು ಸುದ್ದಿ ಬಿಟ್ಟೆ. ಊರೆಲ್ಲ ನಿನ್ನ ಸೋತ ಮುಖ ನೋಡಲು ಅಲ್ಲಿಗೆ ಓಡಿತು. ನಾನು ನಿನ್ನ ನಾದಿನಿಯ ಕೈ ಹಿಡಿದು ಖಾಲಿ ಬೀದಿಯಲ್ಲಿ ನಡೆಸಿಕೊಂಡು ಹೋಗಿ ಬಸ್ಸು ಹತ್ತಿಸಿದೆ. ಅಂಗಿಗಳನ್ನು ಗಂಟು ಕಟ್ಟಿ ಮನೆಗೆ ತಂದೆ. ಸಂಜೆಗೆ ಎಲ್ಲರ ಬಾಯಲ್ಲೂ ಒಂದೇ ಮಾತು, 'ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ಳು.'

ಅವಳು ಕೆಲಸಕ್ಕೆ ಸೇರಿದ ಮೇಲೆ, ಇನ್ನು ಹೇಳಬಹುದು ಎಂದುಕೊಂಡು ಹೋದ ವಾರ ನಾನೇ ಆ ಪೇಪರಿನ ಆಫೀಸಿಗೆ ಹೋಗಿದ್ದೆ. ನಿನ್ನನ್ನು ಕೇಳದೆ ಹೋದೆ, ಬೈಯಬೇಡ. ವರದಿ ಬರೆದವನು ಟೀ ತರಿಸಿದ, ಸಭ್ಯಸ್ಥನೇ. ಎಲ್ಲ ಕೇಳಿಸಿಕೊಂಡು, 'ಅಜ್ಜಿ, ಅದು ಹಳೇ ಸುದ್ದಿ ಆಯ್ತಲ್ಲ' ಎಂದ. ಬೇಕಾದರೆ ಒಳಪುಟದಲ್ಲಿ ನಾಲ್ಕು ಸಾಲು ಹಾಕುತ್ತಾನಂತೆ, ಆದರೆ ಮಗಳ ಫೋಟೋ ಬೇಕು, ಎಲ್ಲಿದ್ದಾಳೆಂದು ಹೇಳಬೇಕು, ಇಲ್ಲದಿದ್ದರೆ ಅತ್ತೆ ಸೊಸೆಯ ಮಾನ ಮುಚ್ಚಲು ಕಥೆ ಕಟ್ಟಿದಳು ಎನ್ನುತ್ತಾರೆ ಎಂದ. ನಿನ್ನ ಮೇಲೆ ಬರೆಯುವಾಗ ಯಾವ ವಿಳಾಸ ಕೇಳಿದ್ದನೋ! ಟೀಯನ್ನು ಅಲ್ಲೇ ಬಿಟ್ಟು ಎದ್ದು ಬಂದೆ. ದಾರಿಯಲ್ಲಿ ಕಣ್ಣು ಕಾಣಲಿಲ್ಲ, ಅಷ್ಟು ಅಳು ಬಂತು.

ಈಗ ಈ ಕಾಗದ ಬರೆಯಲು ಕೂತ ಕಾರಣ. ನಿನ್ನನ್ನು ಒಂದು ಕೇಳುತ್ತೇನೆ, ಇಲ್ಲ ಎನ್ನಬೇಡ. ಮನೆಗೆ ಬಾ.

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನೀನು ಅಂದುಕೊಳ್ಳಬಹುದು, ಅಂದುಕೊ. ಪೇಪರ್ ಬಂದ ದಿನ ನನ್ನ ಮಗ ನಿನ್ನ ಮುಖವನ್ನೂ ನೋಡದೆ ಚಾಪೆ ತೆಗೆದುಕೊಂಡು ಅಂಗಡಿಯಲ್ಲಿ ಮಲಗಲು ಹೋದದ್ದು ತಪ್ಪು, ದೊಡ್ಡ ತಪ್ಪು. ಆದರೆ ಅವನಿಗೇನು ಗೊತ್ತಿತ್ತು? ನಿಜ ಬಚ್ಚಿಟ್ಟವರು ನಾವು. ನನಗೆ ಒಂದೊಂದು ಸಲ ನಗು ಬರುತ್ತದೆ. ಊರೆಲ್ಲ ಅದು ಯಾರ ಅಂಗಿ, ಯಾರ ಅಂಗಿ ಎಂದು ತಲೆ ಕೆಡಿಸಿಕೊಂಡಿದೆ, ಇವನೂ ಪೇಪರ್ ಹಿಡಿದು ಮುಖ ಗಂಟಿಕ್ಕಿ ಕೂತಿದ್ದಾನೆ, ಅಂಗಿ ನೋಡಿದರೆ ಇವನದೇ! ಹುಟ್ಟಿದಾಗಿನಿಂದ ಒಂದು ಅಂಗಿ ಒಗೆದವನಲ್ಲ, ಹಿಂಡಿದವನಲ್ಲ, ಅದು ಕಪಾಟಿನಲ್ಲಿ ತಾನೇ ಬೆಳೆಯುತ್ತದೆ ಎಂದುಕೊಂಡವನು. ಅವನು ಗುರುತು ಹಿಡಿದಿದ್ದರೆ ಆಶ್ಚರ್ಯಪಡಬೇಕಿತ್ತು. ಹಾಗೆ ಬೆಳೆಸಿದವಳು ನಾನು, ಅದರ ಕೂಲಿ ನಿನಗೆ ಬಂತು.

ಇನ್ನೊಂದು ಮಾತು. ಇಷ್ಟೆಲ್ಲ ಆದರೂ ಅವನು ನಿನ್ನ ಬಗ್ಗೆ ಒಂದೇ ಒಂದು ಕೆಟ್ಟ ಮಾತು ಆಡಿಲ್ಲ. ಅಂಗಡಿಯಲ್ಲಿ ಯಾರಾದರೂ ಕೆದಕಿದರೆ ತಲೆ ತಗ್ಗಿಸಿ ಸುಮ್ಮನಾಗುತ್ತಾನೆ. ಪಾಪ ಎಂದು ಜನ ಬರುತ್ತಲೇ ಇದ್ದಾರೆ, ಈಗೀಗ ಸಂಜೆ ಮನೆಯಲ್ಲಿ ಕುರ್ಚಿ ಸಾಲುವುದಿಲ್ಲ, ನನಗೆ ಟೀ ಮಾಡಿ ಸಾಕಾಗಿದೆ. ಯಾರು ಬರುತ್ತಾರೆ ಎಂದು ಕೇಳಬೇಡ. ಅವನು ಕೆಟ್ಟವನಲ್ಲ, ದಡ್ಡ. ದಡ್ಡನ ಜೊತೆ ಬಾಳಬಹುದು, ನಾನು ಇವನ ಅಪ್ಪನ ಜೊತೆ ಬಾಳಲಿಲ್ಲವೇ? ನೀನು ಬಂದರೆ ನಾನೇ ಅವನನ್ನು ಎದುರಿಗೆ ಕೂರಿಸಿ, ತಂಗಿಯ ಕೈ ಮುರಿದದ್ದರಿಂದ ಹಿಡಿದು ಲಾಡಿ ಹೊಲಿದದ್ದರವರೆಗೆ ಎಲ್ಲ ಹೇಳುತ್ತೇನೆ. ತಿಳಿದರೆ ನಿನ್ನ ಕಾಲು ಹಿಡಿಯುತ್ತಾನೆ.

ನಿನ್ನ ಮೇಜನ್ನು ದಿನಾ ಒರೆಸುತ್ತಿದ್ದೇನೆ. ಚರಂಡಿಯ ನಕ್ಷೆ ಹಾಗೇ ಸುತ್ತಿಟ್ಟಿದೆ. ಕನ್ನಡಕದ ಇನ್ನೊಂದು ಡಬ್ಬಿ ಇಲ್ಲೇ ಬಿಟ್ಟು ಹೋಗಿದ್ದೀಯ. ನೀನಿಲ್ಲದ ಮನೆಯಲ್ಲಿ ನನಗೆ ಜಗಳವಾಡಲು ಯಾರೂ ಇಲ್ಲ, ಬಾಯಿ ತುಕ್ಕು ಹಿಡಿಯುತ್ತಿದೆ. ಬಾ ಮಗಳೇ.

ಇಂತಿ ನಿನ್ನ ದಾರಿ ಕಾಯುತ್ತಿರುವ,
ಅತ್ತೆ

ಮರೆತದ್ದು: ಸೋಮವಾರ ಬೆಳಿಗ್ಗೆ ಬರೆಯುತ್ತಿದ್ದೇನೆ. ಕಾಗದ ಇನ್ನೂ ಡಬ್ಬಿಗೆ ಹಾಕಿರಲಿಲ್ಲ, ಒಳ್ಳೆಯದೇ ಆಯಿತು.

ನಿನಗೆ ಒಂದು ವಿಷಯ ಮುಚ್ಚಿಟ್ಟಿದ್ದೆ. ಸಂಜೆ ಬರುತ್ತಿದ್ದವನು ಆ ಗುತ್ತಿಗೆದಾರ. ನೀನು ಬಿಟ್ಟ ವಾರ್ಡಿನ ಉಪಚುನಾವಣೆಗೆ ನಿನ್ನ ಗಂಡನನ್ನು ನಿಲ್ಲಿಸುತ್ತಿದ್ದಾರೆ. ಮೋಸ ಹೋದ ಗಂಡ ಎಂದರೆ ಮತ ತಾನಾಗಿ ಬೀಳುತ್ತದಂತೆ. ನೀನು ಮನೆಗೆ ಬಂದರೆ ಅವನು ಇದನ್ನು ಬಿಟ್ಟುಬಿಡುತ್ತಾನೆ, ಆಗ ನಿನಗೆ ತಿಳಿಯುವ ಅಗತ್ಯವೇ ಇರುವುದಿಲ್ಲ ಎಂದುಕೊಂಡಿದ್ದೆ.

ಇವತ್ತು ಪೋಸ್ಟರಿಗೆ ಫೋಟೋ ತೆಗೆಸಬೇಕು, ಒಂದು ಅಂಗಿ ಇಸ್ತ್ರಿ ಮಾಡಿಕೊಡು ಎಂದ. ಆ ನೀಲಿ ಗೆರೆಯದಕ್ಕೆ ನಾನು ತೋಳನ್ನು ಮತ್ತೆ ಹೊಲಿದು, ಒಗೆದು ಕಪಾಟಿನಲ್ಲಿಟ್ಟಿದ್ದೆ. ಕಾಲರ್ ಚೆನ್ನಾಗಿದೆಯಲ್ಲ ಎಂದು ಅದನ್ನೇ ತೆಗೆದು ಮೇಜಿನ ಮೇಲೆ ಹರಡಿದೆ. ನಿನ್ನಾಣೆ, ಬೇರೆ ಯೋಚನೆ ಇರಲಿಲ್ಲ. ಅವನು ಕನ್ನಡಿಯಲ್ಲಿ ಮೀಸೆ ನೋಡಿಕೊಳ್ಳುತ್ತಲೇ, 'ಅದು ಬೇಡಮ್ಮಾ, ಅದು ಪೇಪರಲ್ಲಿ ಬಂದಿದೆ' ಎಂದ.

ಯಾವಾಗಿನಿಂದ ಗೊತ್ತು ಎಂದು ಕೇಳಿದೆ. 'ಮೊದಲ ದಿನದಿಂದ. ನಿನ್ನ ಹೊಲಿಗೆ ನನಗೆ ಗೊತ್ತಾಗಲ್ವಾ? ನೀನೇ ಲಾಡಿ ಹಾಕಿದೀಯ ಅಂದ್ಮೇಲೆ ಅಲ್ಲಿ ಇನ್ಯಾವ ಗಂಡಸು? ತಂಗಿನೇ ಅಂತ ಆವತ್ತೇ ಗೊತ್ತಾಯ್ತು' ಎಂದ. ಮತ್ತೆ ಯಾಕೋ ಸುಮ್ಮನಿದ್ದೆ ಎಂದರೆ, 'ನಾನೇನಾದ್ರೂ ಅಂದ್ನಾ? ಜನ ಅಂದ್ರು. ನಾನು ಸುಮ್ನಿದ್ದೆ ಅಷ್ಟೇ' ಎಂದ.

ಇಸ್ತ್ರಿ ಪೆಟ್ಟಿಗೆ ಆರಿಸಿದೆ. ಬಿಳಿಯದನ್ನು ಮುದುರಿದ ಹಾಗೇ ಹಾಕಿಕೊಂಡು ಹೋದ.

ಮೇಲೆ ಬಾ ಎಂದು ಬರೆದಿದ್ದೇನಲ್ಲ, ಬರಬೇಡ. ಶುಕ್ರವಾರದ ಬಸ್ಸಿಗೆ ನಾನೇ ಬರುತ್ತೇನೆ. ಆ ನೀಲಿ ಗೆರೆಯ ಅಂಗಿಯನ್ನೂ, ಸುಡದೆ ಇಟ್ಟ ಪೇಪರನ್ನೂ ತರುತ್ತಿದ್ದೇನೆ, ಏನು ಮಾಡಬೇಕೆಂದು ನೀನು ಹೇಳು. ಮಿಷನ್ ಇಡಲು ಕಿಟಕಿಯ ಪಕ್ಕ ಸ್ವಲ್ಪ ಜಾಗ ಬಿಡು.